ಫೋನಿನಲ್ಲಿ ಹಕ್ಕಿ ಕರೆದ ಕಥೆ

ವಾರಕ್ಕೆ ಸಿಗೋದು ಒಂದು ರಜೆ. ಬಟ್ಟೆ ಒಗೀಬೇಕು, ಊರಿಗೆ ಫೋನ್ ಮಾಡಬೇಕು. ಅದರ ಮಧ್ಯೆ ಹಕ್ಕಿ ಫೋಟೊ ತೆಗೆಯೋಕೆ ಹೋಗ್ತೀಯಲ್ಲ, ಹುಚ್ಚಾ ಅಂತ ರೂಮಿನವರು ಕೇಳ್ತಾರೆ. ಆ ಹುಚ್ಚಿನಲ್ಲಿ ಮಾಡಿದ ಒಂದು ತಪ್ಪನ್ನೇ ಇವತ್ತು ಹೇಳ್ತೀನಿ.

ಏಪ್ರಿಲ್‌ನ ಒಂದು ಬೆಳಿಗ್ಗೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ, ಗೋಲ್ಡನ್ ಗೇಟ್ ಸೇತುವೆಯ ದಕ್ಷಿಣಕ್ಕೆ ಸಮುದ್ರದ ಪಕ್ಕದ ಕಾಲುದಾರಿ. ಪೊದೆಯೊಳಗೆ ವೈಟ್ ಕ್ರೌನ್ಡ್ ಸ್ಪ್ಯಾರೋ ಕೂತಿತ್ತು. ನಮ್ಮ ಗುಬ್ಬಚ್ಚಿಗಿಂತ ತುಸು ದೊಡ್ಡದು, ತಲೆ ಮೇಲೆ ಕಪ್ಪು ಬಿಳಿ ಪಟ್ಟೆ. ಕಡ್ಡಿ ಅಡ್ಡ ಬಂದು ಫೋಟೊ ಮಸುಕಾಯಿತು. ಫೋನ್ ತೆಗೆದು ಅದೇ ಜಾತಿಯ ಹಾಡು ಹಾಕಿದೆ. ತಕ್ಷಣ ಎದುರಿಗೇ ಬಂತು! ಹತ್ತು ನಿಮಿಷ ಆ ಕಡ್ಡಿಯಿಂದ ಈ ಕಡ್ಡಿಗೆ ಹಾರುತ್ತಾ ಹಾಡಿತು. ಇಪ್ಪತ್ತಕ್ಕೂ ಹೆಚ್ಚು ಫೋಟೊ ಸಿಕ್ಕಿ ಕುಣಿದಾಡಿಬಿಟ್ಟೆ.

ರೂಮಿಗೆ ಬಂದು ದೊಡ್ಡದು ಮಾಡಿ ನೋಡಿದರೆ, ಆ ಮೊದಲ ಮಸುಕು ಫೋಟೊದಲ್ಲಿ ಹಕ್ಕಿಯ ಕೊಕ್ಕಿನಲ್ಲಿ ಒಂದು ಹಸಿರು ಹುಳ ಇದೆ. ಉಳಿದ ಯಾವುದರಲ್ಲೂ ಹುಳ ಇಲ್ಲ. ಮರಿಗೆ ಒಯ್ಯುತ್ತಿದ್ದ ತುತ್ತು ಅದು. ನನ್ನ ಜೇಬಿನ ಜೊತೆ ಜಗಳಕ್ಕೆ ಬರೋಕೆ ಅದನ್ನು ಬಿಟ್ಟಿತ್ತು.

ಗಂಡು ಹಕ್ಕಿ ವಸಂತದಲ್ಲಿ ಹಾಡುವುದು "ಈ ಜಾಗ ನನ್ನದು" ಅಂತ ಹೇಳೋಕೆ. ಫೋನಿನಲ್ಲಿ ಹಾಡು ಕೇಳಿದರೆ ಬೇರೆ ಗಂಡು ನುಗ್ಗಿದೆ ಅಂದುಕೊಳ್ಳುತ್ತದೆ. ಲೈನಿನಲ್ಲಿ ಕರೆಂಟ್ ಇದೆಯಾ ಅಂತ ನಾವು ಟೆಸ್ಟರ್ ನಂಬ್ತೀವಲ್ಲ, ಹಾಗೆ ಅದು ಕಿವಿ ನಂಬುತ್ತದೆ. ಟೆಸ್ಟರೇ ಸುಳ್ಳು ಹೇಳಿದರೆ?

ಆಮೇಲೆ ಈ ಹಕ್ಕಿಯ ಬಗ್ಗೆ ಓದಿದೆ. ಧಾರವಾಡ, ಮಂಗಳೂರು, ಮೈಸೂರಿನ ಮಾತು ಬೇರೆಬೇರೆ ಇದ್ದ ಹಾಗೆ ಇದರ ಹಾಡೂ ಜಾಗದಿಂದ ಜಾಗಕ್ಕೆ ಬೇರೆ. ಮರಿ ಮೊದಲ ಎರಡು ಮೂರು ತಿಂಗಳಲ್ಲಿ ಸುತ್ತಲಿನವರ ಹಾಡು ಕೇಳಿ ಕಲಿಯುತ್ತದೆ. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಲೂಯಿಸ್ ಬ್ಯಾಪ್ಟಿಸ್ಟಾ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. 1969ರ ಧ್ವನಿಮುದ್ರಣವನ್ನು 2005ರದ್ದಕ್ಕೆ ಹೋಲಿಸಿದಾಗ, ಹಾಡಿನ ತಗ್ಗು ಸ್ವರ ಮೇಲೇರಿತ್ತು. ಕಾರಣ, ವಾಹನಗಳ ಗದ್ದಲ. ತಗ್ಗು ಸ್ವರ ಅದರಲ್ಲಿ ಮುಚ್ಚಿಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಸೇತುವೆ ಖಾಲಿಯಾದಾಗ ಹಕ್ಕಿಗಳು ಮೆಲ್ಲಗೆ, ತಗ್ಗಿದ ಸ್ವರದಲ್ಲಿ ಹಾಡಿದವು. ಎಲಿಜಬೆತ್ ಡೆರಿಬೆರಿ ಮತ್ತವರ ತಂಡ ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಬರೆದರು. ನಮ್ಮಲ್ಲಿ ಎಷ್ಟೋ ಜನ ಕೆಲಸ ಇಲ್ಲದೆ ಕೂತಿದ್ವಿ, ಹಕ್ಕಿಗೆ ಕೂಗುವ ಕೆಲಸ ಕಮ್ಮಿಯಾಗಿತ್ತು.

ಅಷ್ಟು ಗದ್ದಲದ ಮೇಲೆ ನನ್ನ ಫೋನೂ ಒಂದು!

ಈಗ ಫೋನ್ ಜೇಬಿನಿಂದ ತೆಗೆಯೋದಿಲ್ಲ. ಗೂಡು ಪೊದೆಯಲ್ಲಿ ತಗ್ಗಿನಲ್ಲೇ ಇರುತ್ತದೆ, ಹಾಗಾಗಿ ಕಾಲುದಾರಿ ಬಿಟ್ಟು ಇಳಿಯೋದೂ ಇಲ್ಲ. ಗಂಡಿಗೆ ಇಷ್ಟದ ಎರಡು ಮೂರು ಕಡ್ಡಿ ಇರುತ್ತವೆ, ಸುತ್ತಾಡಿ ಮತ್ತೆ ಅಲ್ಲಿಗೇ ಬರುತ್ತದೆ. ಬಿಸಿಲು ಬೆನ್ನಿಗೆ ಬರುವ ಹಾಗೆ ದೂರದಲ್ಲಿ ಕೂತು ಕಾಯ್ತೀನಿ. ಶಟರ್ ಸೆಕೆಂಡಿನ 1000ನೇ ಒಂದು ಭಾಗ, ಫೋಕಸ್ ಕಣ್ಣಿನ ಮೇಲೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಾಕು. ಎಷ್ಟೋ ಭಾನುವಾರ ಒಂದು ಫೋಟೊನೂ ಸಿಗದೆ ವಾಪಸ್ ಬಂದಿದ್ದೀನಿ, ರೂಮಿನವರು ನಕ್ಕಿದ್ದಾರೆ.

ಪರದೆ ಮೇಲೆ ಈಗ ಕಾಣ್ತಿರೋದು ಆ ಮಸುಕು ಫೋಟೊ. ಚೆನ್ನಾಗಿ ಬಂದ ಇಪ್ಪತ್ತೂ ಅಳಿಸಿದ್ದೀನಿ, ಇದೊಂದು ಇಟ್ಟುಕೊಂಡಿದ್ದೀನಿ. ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲೇ ಇರ್ತೀನಿ, ಬರೋರು ಬನ್ನಿ. ಚಹಾ ನಾನು ತರ್ತೀನಿ, ನಿಮ್ಮ ಫೋನ್ ಸೈಲೆಂಟ್‌ನಲ್ಲಿ ಇರಲಿ.