ನೀರಿನ ಚಕ್ರ ತಿರುಗಿಸುವ ರಮ್ ಭಟ್ಟಿ



ಕೆರಿಬಿಯನ್ ಸಮುದ್ರದಲ್ಲಿರುವ ಗ್ರೆನೇಡಾ ಒಂದು ಪುಟ್ಟ ದ್ವೀಪದೇಶ. ಅದರ ಉತ್ತರಕ್ಕೆ ಸೇಂಟ್ ಪ್ಯಾಟ್ರಿಕ್ ಎಂಬ ಸೀಮೆ. ಅಲ್ಲಿ 1785ರಲ್ಲಿ ಶುರುವಾದ ರಿವರ್ ಆಂಟ್ವಾನ್ ರಮ್ ಭಟ್ಟಿ ಇವತ್ತಿಗೂ ನಡೆಯುತ್ತಿದೆ. ಹಳೆಯ ಕಾರ್ಖಾನೆಯನ್ನು ಗುಡಿಸಿ, ಬಣ್ಣ ಬಳಿದು, ಫಲಕ ನೆಟ್ಟು ಪ್ರವಾಸಿಗರಿಗೆ ತೋರಿಸುವ ಊರುಗಳು ಬೇಕಾದಷ್ಟಿವೆ. ಇಲ್ಲಿ ಮಾರ್ಗದರ್ಶಿಯ ಹಿಂದೆ ಹೆಜ್ಜೆ ಹಾಕುವವರಿಗೆ ಕಾಣುವುದು ನಡೆಯುತ್ತಿರುವ ದುಡಿಮೆ. ಹೊಳೆಯ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ಗಾಣವನ್ನು ತಿರುಗಿಸುತ್ತದೆ, ಗಾಣ ಕಬ್ಬು ಅರೆಯುತ್ತದೆ.

ಕಬ್ಬು ಅಲ್ಲಿನ ಬೆಳೆಯಲ್ಲ. ನ್ಯೂಗಿನಿಯ ಕಡೆ ಹುಟ್ಟಿ, ಏಷ್ಯಾದಲ್ಲಿ ಹರಡಿದ ಕಬ್ಬಿನ ಹಾಲನ್ನು ಕಾಯಿಸಿ ಸಕ್ಕರೆಯ ಹರಳು ಮಾಡುವ ವಿದ್ಯೆ ಪ್ರಾಚೀನ ಭಾರತದಲ್ಲಿ ಬೆಳೆಯಿತು. ಅಲ್ಲಿಂದ ಪರ್ಷಿಯ, ಅರಬ್ ನಾಡುಗಳು, ಸ್ಪೇನು ದಾಟಿ, 1493ರಲ್ಲಿ ಕೊಲಂಬಸ್ಸನ ಎರಡನೇ ಯಾನದ ಹಡಗುಗಳಲ್ಲಿ ಕಬ್ಬಿನ ತುಂಡುಗಳು ಕೆರಿಬಿಯನ್ ತಲುಪಿದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಲು ಬಿಟ್ಟು ಭಟ್ಟಿ ಇಳಿಸುವ ಕೆಲಸ ಹದಿನೇಳನೇ ಶತಮಾನದಲ್ಲಿ ಬಾರ್ಬಡೋಸಿನಲ್ಲಿ ವ್ಯಾಪಾರವಾಗಿ ಬೆಳೆಯಿತು. ಅಲ್ಲಿನ ಮೌಂಟ್ ಗೇ ಕಂಪನಿ ಇಂದಿಗೂ 1703ರ ಒಂದು ಕ್ರಯಪತ್ರವನ್ನು ತನ್ನ ಹುಟ್ಟಿನ ದಾಖಲೆಯೆಂದು ತೋರಿಸುತ್ತದೆ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನವೂ ರಮ್ ಹಂಚುತ್ತಿತ್ತು. ಆ ಪದ್ಧತಿ ನಿಂತದ್ದು 1970ರ ಜುಲೈ 31ರಂದು.

ಗ್ರೆನೇಡಾ ಮೊದಲು ಫ್ರೆಂಚರ ಕೈಯಲ್ಲಿತ್ತು. 1763ರಲ್ಲಿ ಬ್ರಿಟಿಷರಿಗೆ ಹೋಯಿತು, 1779ರಲ್ಲಿ ಫ್ರೆಂಚರು ಕಿತ್ತುಕೊಂಡರು, 1783ರ ಒಪ್ಪಂದದಲ್ಲಿ ಮತ್ತೆ ಬ್ರಿಟಿಷರ ಪಾಲಾಯಿತು. ಅದಾದ ಎರಡೇ ವರ್ಷಕ್ಕೆ ಈ ಭಟ್ಟಿ ಎದ್ದಿತು. ಆದರೂ ಆಂಟ್ವಾನ್ ಎಂಬ ಹೊಳೆಯ ಹೆಸರಿನಲ್ಲಿ ಫ್ರೆಂಚ್ ಉಳಿದುಕೊಂಡಿದೆ.

ಒಳಗೆ ಕಾಲಿಟ್ಟರೆ ಮಂಡ್ಯ ಸೀಮೆಯ ಕೇಳುಗರಿಗೆ ಆಲೆಮನೆಗೆ ಬಂದಂತೆಯೇ ಅನ್ನಿಸೀತು. ಕಬ್ಬನ್ನು ಆಳುಗಳು ಗಾಣಕ್ಕೆ ಕೊಡುತ್ತಾರೆ. ಅರೆದು ಉಳಿದ ಸಿಪ್ಪೆಯನ್ನು ಸಣ್ಣ ಹಳಿಗಳ ಮೇಲೆ ಓಡುವ ಬಂಡಿಯಲ್ಲಿ ತುಂಬಿ ತಳ್ಳಿಕೊಂಡು ಹೋಗಿ ಬಯಲಿನಲ್ಲಿ ಸುರಿಯುತ್ತಾರೆ. ಬಿಸಿಲಿಗೆ ಒಣಗಿದ ಆ ಸಿಪ್ಪೆಯೇ ಮುಂದೆ ಒಲೆಗೆ ಸೌದೆ. ಹಾಲು ಹರಿದು ಬರುವ ಕಡೆ ಕೊಪ್ಪರಿಗೆಗಳ ಸಾಲಿದೆ. ಕೆಳಗೆ ಬೆಂಕಿ, ಮೇಲೆ ಕುದಿಯುವ ಹಾಲು, ಎದುರಿಗೆ ಉದ್ದ ಹಿಡಿಯ ಸೌಟು ಹಿಡಿದ ಕೆಲಸಗಾರ. ಹಾಲು ಇಂಗುತ್ತ ಗಟ್ಟಿಯಾದಂತೆ ಅದನ್ನು ಒಂದು ಕೊಪ್ಪರಿಗೆಯಿಂದ ಮುಂದಿನದಕ್ಕೆ ಎತ್ತಿ ಹಾಕುತ್ತ ಹೋಗುವುದು ಅವನ ಕೆಲಸ. ಹಬೆಯಲ್ಲಿ ಮುಖ ಕಾಣಿಸುವುದಿಲ್ಲ. ಸೌಟು ಏಳುವುದು, ಬೀಳುವುದು ಮಾತ್ರ ಕಾಣುತ್ತದೆ.

ಬೆಲ್ಲದ ಹದ ಬರುವ ಮೊದಲೇ ಇಳಿಸಿ ಆರಿಸಿದ ರಸ ತೊಟ್ಟಿಗಳಿಗೆ ಹೋಗುತ್ತದೆ. ಇಲ್ಲಿನ ವಿಶೇಷ ಅಡಗಿರುವುದು ಈ ತೊಟ್ಟಿಗಳಲ್ಲಿ. ದೊಡ್ಡ ಕಾರ್ಖಾನೆಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಯೀಸ್ಟ್ ಹಾಕಿ ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತವೆ. ಇಲ್ಲಿ ಹೊರಗಿನ ಯೀಸ್ಟ್ ಸೇರಿಸುವುದಿಲ್ಲ. ಗಾಳಿಯಲ್ಲಿರುವ, ಕಬ್ಬಿಗೆ ಅಂಟಿಕೊಂಡು ಬಂದ ಸೂಕ್ಷ್ಮಜೀವಿಗಳೇ ರಸವನ್ನು ಹುಳಿಸಬೇಕು. ಅದಕ್ಕೆ ಎಂಟು ದಿನದ ಆಸುಪಾಸು ಹಿಡಿಯುತ್ತದೆ. ನಿಧಾನವಾಗಿ ಹುಳಿತದ್ದರಿಂದ ಬರುವ ಗಾಢ ಹಣ್ಣಿನ ವಾಸನೆಯೇ ಈ ರಮ್ಮಿನ ಗುರುತು. ಕೊನೆಗೆ ತಾಮ್ರದ ಭಟ್ಟಿ ಪಾತ್ರೆ, ಅದರಡಿ ಕಟ್ಟಿಗೆಯ ಉರಿ. ಪೀಪಾಯಿಯಲ್ಲಿ ವರ್ಷಗಟ್ಟಲೆ ಹಣ್ಣಾಗಿಸುವ ಪದ್ಧತಿ ಇಲ್ಲಿಲ್ಲ. ಇಳಿದದ್ದು ನೀರಿನಂತೆ ತಿಳಿಯಾಗಿಯೇ ಶೀಶೆಗೆ ಸೇರುತ್ತದೆ.

ಯಂತ್ರಗಳ ಈ ಚೆಲುವಿಗೆ ಮರುಳಾಗುವುದು ಸುಲಭ. ಆದರೆ 1785ರಲ್ಲಿ ಕೆರಿಬಿಯನ್ ತೋಟಗಳಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಆಫ್ರಿಕದಿಂದ ಸರಪಳಿಯಲ್ಲಿ ಹಿಡಿದು ತಂದವರು, ಇಲ್ಲವೇ ಅವರ ಮಕ್ಕಳು. ಕಬ್ಬು ಕಡಿದ ಮೇಲೆ ಕೂಡಲೇ ಅರೆಯಬೇಕು, ತಡವಾದರೆ ಹಾಲು ಕೆಡುತ್ತದೆ. ಹಾಗಾಗಿ ಸುಗ್ಗಿಯಲ್ಲಿ ಗಾಣಗಳು ರಾತ್ರಿಯೂ ನಿಲ್ಲುತ್ತಿರಲಿಲ್ಲ. ನಿದ್ದೆಗೆಟ್ಟವರ ಕೈ ಉರುಳೆಗಳ ನಡುವೆ ಸಿಕ್ಕಿದರೆ ಕಡಿದು ಬಿಡಿಸಲೆಂದು ಗಾಣದ ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರೆಂದು ಆ ಕಾಲದ ಕೆರಿಬಿಯನ್ ಬರಹಗಳು ಹೇಳುತ್ತವೆ. ಈ ಕೊಡಲಿಯ ಮಾತು ಬಾರದೆ ಯಾವ ಸಕ್ಕರೆ ಗಾಣದ ಚರಿತ್ರೆಯೂ ಪೂರ್ತಿಯಾಗುವುದಿಲ್ಲ. 1795ರಲ್ಲಿ ಜೂಲಿಯನ್ ಫೆಡೋನ್ ಮುಂದಾಳುತನದಲ್ಲಿ ಗ್ರೆನೇಡಾದ ಗುಲಾಮರು ದಂಗೆಯೆದ್ದರು. ಒಂದು ವರ್ಷಕ್ಕೂ ಮೀರಿ ದ್ವೀಪದ ಬಹುಭಾಗ ಅವರ ಹಿಡಿತದಲ್ಲಿತ್ತು. ದಂಗೆ ಮುರಿದುಬಿತ್ತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಿನ ಕಾನೂನು ಜಾರಿಗೆ ಬಂದದ್ದು 1834ರಲ್ಲಿ. ಪರಿಹಾರಕ್ಕೆಂದು ಸರ್ಕಾರ ತೆಗೆದಿಟ್ಟ ಎರಡು ಕೋಟಿ ಪೌಂಡ್ ಹೋದದ್ದು ಒಡೆಯರ ಕಿಸೆಗೆ. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ.

ಬಿಡುಗಡೆಯಾದವರು ತೋಟ ಬಿಟ್ಟು ಹೊರಟಾಗ ಮಾಲೀಕರ ಕಣ್ಣು ಭಾರತದ ಮೇಲೆ ಬಿತ್ತು. ಕಲ್ಕತ್ತೆಯಿಂದ ಹೊರಟ ಮೇಡ್‌ಸ್ಟೋನ್ ಎಂಬ ಹಡಗು 1857ರ ಮೇ 1ರಂದು ಇದೇ ಸೇಂಟ್ ಪ್ಯಾಟ್ರಿಕ್ ಸೀಮೆಯ ಇರ್ವಿನ್ಸ್ ಬೇ ದಂಡೆಗೆ ಬಂತು. ದಾರಿಯಲ್ಲೇ ಹಲವರು ಸತ್ತಿದ್ದರು, ಇಳಿದವರು ಮುನ್ನೂರರೊಳಗೆ. ಕರಾರು ಕೂಲಿಗಳಾಗಿ ಅವರು ಇಲ್ಲಿನ ತೋಟಗಳಿಗೆ ಹಂಚಿಹೋದರು. ಕಬ್ಬು ಹೋದ ದಾರಿಯಲ್ಲೇ, ಶತಮಾನಗಳ ನಂತರ, ಕಬ್ಬಿನ ಕೆಲಸ ಬಲ್ಲ ನಾಡಿನ ಜನರೂ ಹೋಗಿ ಸೇರಿದರು.

ಇವತ್ತು ಈ ಭಟ್ಟಿ ಇಳಿಸುವ ರಮ್ಮಿನ ಬಹುಪಾಲು ಗ್ರೆನೇಡಾದಲ್ಲೇ ಖರ್ಚಾಗುತ್ತದೆ. ಹೊಳೆಯ ನೀರು, ಸೌದೆಯ ಉರಿ, ಎಂಟು ದಿನದ ಕಾಯುವಿಕೆ, ಇವುಗಳನ್ನು ನಂಬಿದ ಭಟ್ಟಿ ಲೋಕಕ್ಕೆಲ್ಲ ರಮ್ ಹಂಚಲಾರದು. ಸುತ್ತಾಟ ಮುಗಿದ ಮೇಲೆ ಚಿಕ್ಕ ಲೋಟದಲ್ಲಿ ರುಚಿಗೆ ಕೊಡುತ್ತಾರೆ. ಊರಿನವರು ಕುಡಿಯುವ ರಮ್ಮಿನಲ್ಲಿ ಮದ್ಯಸಾರ ಶೇಕಡಾ 75. ಒಂದು ಗುಟುಕಿಗೇ ಕಣ್ಣಲ್ಲಿ ನೀರು ಬರುತ್ತದೆ. ಶೇಕಡಾ 70ಕ್ಕಿಂತ ಹೆಚ್ಚು ಮದ್ಯಸಾರವಿರುವ ಶೀಶೆ ಬೆಂಕಿ ಹೊತ್ತೀತೆಂಬ ಭಯದಿಂದ ಅದನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಅದಕ್ಕೇ ಭಟ್ಟಿಯವರು ಮನೆಗೆ ಕೊಂಡೊಯ್ಯುವ ಪ್ರವಾಸಿಗರಿಗೆಂದು ಶೇಕಡಾ 69ರ ಇನ್ನೊಂದು ಬಗೆಯನ್ನು ತುಂಬಿಸಿ ಮಾರುತ್ತಾರೆ.