ಮೂರು ಹನಿಯ ವ್ಯತ್ಯಾಸ



ನಾನು ಹೊಸೂರಿನ ಆಲಸನತ್ತಂನವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾಗಿದ್ದೇನೆ. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಇಂಥವನು ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ ಅಳೆಯುವ ವಿಷಯ ಮಾತನಾಡಲು ಬಂದಿದ್ದಾನೆಂದರೆ ನಿಮಗೆ ನಗು ಬರಬಹುದು. ಚೆನ್ನೈನ ಕಡಲು ನಮ್ಮೂರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಆದರೆ ಒಂದು ಪುಟ್ಟ ಕಡಲು ನಮ್ಮ ಮನೆಯ ವರಾಂಡದಲ್ಲೇ ಇದೆ. ಅದು ನನಗೆ ಕಲಿಸಿದ ಒಂದು ಪಾಠವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಬಂದಿದ್ದೇನೆ.

ಆ ಕಡಲನ್ನು ತಂದವನು ನನ್ನ ಮಗ. ದಿನಾ ಬೆಂಗಳೂರಿನ ಕಡೆಗೆ ಕೆಲಸಕ್ಕೆ ಹೋಗಿಬರುತ್ತಾನೆ. ಮೂರು ವರ್ಷದ ಹಿಂದೆ ಒಂದು ಗಾಜಿನ ತೊಟ್ಟಿ ತಂದು ಗೋಡೆಗೆ ತಾಗಿದಂತೆ ಮರದ ಮೇಜಿನ ಮೇಲೆ ಇಟ್ಟ. ಅದರಲ್ಲಿ 120 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಹಾಕುವುದು ಅಡುಗೆ ಉಪ್ಪಲ್ಲ. ಕಡಲಿನಲ್ಲಿರುವ ಎಲ್ಲ ಲವಣಗಳನ್ನೂ ಅಳತೆಗೆ ತಕ್ಕಂತೆ ಸೇರಿಸಿದ ಉಪ್ಪು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಸಾವಿರ ಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದೇ ಲೆಕ್ಕದಲ್ಲಿ ಕಲಸಬೇಕು. ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳಿವೆ. ರಾಮೇಶ್ವರದ ಹತ್ತಿರ ಮಂಡಪಂನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಈ ಜಾತಿಯನ್ನು ತೊಟ್ಟಿಯಲ್ಲೇ ಮರಿಮಾಡಿಸುವ ಕ್ರಮವನ್ನು ರೂಢಿಸಿದ್ದಾರೆ. ಮೀನುಗಳ ಜೊತೆಗೆ ನಾಲ್ಕಾರು ಬಸವನಹುಳು, ಕಲ್ಲಿಗೆ ಅಂಟಿಕೊಂಡು ಹೂವಿನಂತೆ ಅರಳುವ ಕೆಲವು ಮೆತ್ತನೆಯ ಜೀವಿಗಳು ಇವೆ.

ಹವಳ ಇಲ್ಲವೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲ, ಇಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಿದರು. ಹುಲಿ ಆನೆಗಳಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ನಮ್ಮ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ, ತೂತ್ತುಕುಡಿಗೂ ರಾಮೇಶ್ವರಕ್ಕೂ ನಡುವೆ, 21 ದ್ವೀಪಗಳ ಸುತ್ತ ಹವಳದ ದಿಬ್ಬಗಳಿವೆ. ಅಲ್ಲಿ ವರ್ಷಾನುಗಟ್ಟಲೆ ಸುಣ್ಣಕ್ಕಾಗಿ ಹವಳವನ್ನು ಅಗೆದು ಸಾಗಿಸಿದರು. ಎರಡು ದ್ವೀಪಗಳು ನೀರಿನಡಿಗೆ ಹೋದವು. 1986ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಮಗನಿಗೂ ಒಬ್ಬ ಮಾರಾಟಗಾರ ಗುಟ್ಟಾಗಿ ಕಲ್ಲುಹವಳ ಕೊಡುತ್ತೇನೆಂದಿದ್ದ. ಬೇಡವೇ ಬೇಡ ಎಂದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಕ್ಯಾಲ್ಸಿಯಂ ವಿಷಯ. ಎಲೆಅಡಿಕೆಗೆ ಹಚ್ಚುವ ಸುಣ್ಣದಲ್ಲಿ ಇರುವುದೂ ಅದೇ. ಹವಳ, ಬಸವನಹುಳು, ಕಲ್ಲಿನ ಮೇಲೆ ನಸುಗೆಂಪಾಗಿ ಹರಡುವ ಒಂದು ಬಗೆಯ ಪಾಚಿ, ಇವೆಲ್ಲ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಹೀರಿ ತಮ್ಮ ಮನೆ ಕಟ್ಟಿಕೊಳ್ಳುತ್ತವೆ. ಕಡಲಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಂ ಇರುತ್ತದೆ. ಕಡಲು ದೊಡ್ಡದು, ಎಷ್ಟು ತೆಗೆದರೂ ಗೊತ್ತಾಗದು. ತೊಟ್ಟಿ ಚಿಕ್ಕದು, ತೆಗೆದಷ್ಟೂ ಬಾಕಿ ಇಳಿಯುತ್ತದೆ. ಹವಳ ಸಾಕುವ ದೇಶಗಳಲ್ಲಿ ರಾತ್ರಿ ಹೊತ್ತು ಸುಣ್ಣದ ತಿಳಿನೀರನ್ನು ಹನಿ ಹನಿಯಾಗಿ ತೊಟ್ಟಿಗೆ ಬಿಡುವುದುಂಟು. ಅದನ್ನು ಜರ್ಮನ್ ಭಾಷೆಯಲ್ಲಿ ಕಾಲ್ಕ್‌ವಾಸರ್ ಎನ್ನುತ್ತಾರಂತೆ. ಅಂದರೆ ಸುಣ್ಣದ ನೀರು, ಅಷ್ಟೇ.

ಬಾಕಿ ಎಷ್ಟಿದೆ ಎಂದು ನೋಡುವುದೇ ಪರೀಕ್ಷೆ. ಹಿಂದೆ ನಮ್ಮ ಅಜ್ಜಿಯಂದಿರು ಬೇಳೆ ಬೇಯದಿದ್ದರೆ, ಸೋಪು ನೊರೆ ಬಿಡದಿದ್ದರೆ ಗಡಸು ನೀರು ಎನ್ನುತ್ತಿದ್ದರು. 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಶ್ವಾರ್ಜನ್‌ಬಾಖ್ ಎಂಬ ವಿಜ್ಞಾನಿ ಇದಕ್ಕೆ ಹನಿ ಎಣಿಸುವ ಲೆಕ್ಕ ತಂದರು. ಇಡಿಟಿಎ ಎಂಬ ದ್ರಾವಣ ಕ್ಯಾಲ್ಸಿಯಂ ಅನ್ನು ಒಂದೊಂದಾಗಿ ಹಿಡಿದು ಕಟ್ಟಿಹಾಕುತ್ತದೆ. ನಮ್ಮ ಮನೆಯಲ್ಲಿರುವ ಪೆಟ್ಟಿಗೆಯಲ್ಲಿ ಎರಡು ಸೀಸೆ, ಒಂದು ಗಾಜಿನ ಕೊಳವೆ. ಕೊಳವೆಗೆ 5 ಮಿಲಿಲೀಟರ್ ತೊಟ್ಟಿಯ ನೀರು ಹಾಕಬೇಕು. ಮೊದಲ ಸೀಸೆಯಲ್ಲಿ ತೀವ್ರ ಕ್ಷಾರವಿದೆ. ಅದು ಮೆಗ್ನೀಸಿಯಂ ಅನ್ನು ಬದಿಗೆ ಸರಿಸುತ್ತದೆ, ನೀರು ಗುಲಾಬಿ ಬಣ್ಣವಾಗುತ್ತದೆ. ಆಮೇಲೆ ಎರಡನೆಯ ಸೀಸೆಯಿಂದ ಒಂದೊಂದೇ ಹನಿ ಬಿಟ್ಟು, ಪ್ರತಿ ಹನಿಗೂ ಕುಲುಕಿ, ಎಣಿಸುತ್ತಾ ಹೋಗಬೇಕು. ಗುಲಾಬಿ ನೇರಳೆಯಾಗಿ, ನೇರಳೆ ತಿಳಿ ನೀಲಿಯಾದಾಗ ನಿಲ್ಲಿಸಬೇಕು. ಒಂದು ಹನಿಗೆ 20 ಮಿಲಿಗ್ರಾಂ. 21 ಹನಿಗೆ ನೀಲಿಯಾದರೆ 420. ಸೀಸೆಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ಓರೆಯಾದರೆ ಹನಿಯ ಗಾತ್ರ ಬದಲಾಗಿ ಲೆಕ್ಕ ಕೆಡುತ್ತದೆ. ಆ ಕ್ಷಾರ ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಮೇಲಿಡುತ್ತೇವೆ.

ನೋಟು ಎಣಿಸಿದ ಕೈ ನೋಡಿ, ಈ ಹನಿ ಎಣಿಸುವ ಕೆಲಸವನ್ನು ಮಗ ನನಗೇ ಒಪ್ಪಿಸಿದ. ಎರಡು ತಿಂಗಳಿಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಯಾವಾಗಲೂ 21 ಹನಿ, ಒಮ್ಮೊಮ್ಮೆ 20. ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ 18ನೇ ಹನಿಗೇ ನೀಲಿಯಾಯಿತು. ಅಂದರೆ 360.

ಮಗ ಕೂಡಲೇ ಲೆಕ್ಕ ಹಾಕಿದ. ಲೀಟರಿಗೆ 60 ಮಿಲಿಗ್ರಾಂ ಕಡಿಮೆ, 120 ಲೀಟರಿಗೆ 7.2 ಗ್ರಾಂ ಕ್ಯಾಲ್ಸಿಯಂ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ನೂರಕ್ಕೆ 27 ಭಾಗ ಕ್ಯಾಲ್ಸಿಯಂ ಇರುವುದರಿಂದ ಸುಮಾರು 26 ಗ್ರಾಂ ಬೇಕು. ತಕ್ಕಡಿಯಲ್ಲಿ ತೂಗಿಯೂ ಬಿಟ್ಟ. "ಅಪ್ಪಾ, ಕರಗಿಸಿ ಸ್ವಲ್ಪ ಸ್ವಲ್ಪ ಹಾಕಿಬಿಡ್ತೀನಿ, ಸಂಜೆಗೆ ಸರಿಹೋಗುತ್ತೆ" ಎಂದ.

"ತಡಿಯಪ್ಪ. ಎಷ್ಟು ಕಡಿಮೆ ಅಂತ ಗೊತ್ತಾಯ್ತು. ಖರ್ಚು ಮಾಡಿದ್ದು ಯಾರು?" ಎಂದೆ.

ಹಾಗೆ ಕೇಳಲು ಒಂದು ಕಾರಣವಿದೆ. 1980ರ ದಶಕದ ಮಾತು. ಶಾಖೆಗೆ ಆಗ ಕಂಪ್ಯೂಟರ್ ಬಂದಿರಲಿಲ್ಲ. ಒಂದು ಸಂಜೆ ನನ್ನ ಕೌಂಟರಿನಲ್ಲಿ 90 ರೂಪಾಯಿ ಕಡಿಮೆ ಬಂತು. ಕೊನೆಯ ಬಸ್ಸಿನ ಹೊತ್ತಾಗಿತ್ತು. ಯಾರಿಗೂ ಹೇಳದೆ ಜೇಬಿನಿಂದ 90 ರೂಪಾಯಿ ಹಾಕಿ ಲೆಕ್ಕ ತಾಳೆ ಮಾಡಿ ಮನೆಗೆ ಹೋದೆ. ನನ್ನ ದುಡ್ಡು ತಾನೇ, ಯಾರಿಗೇನು ನಷ್ಟ ಎಂದುಕೊಂಡೆ. ಕೆಲವು ತಿಂಗಳ ನಂತರ ತಪಾಸಣೆಯಲ್ಲಿ ಒಬ್ಬ ಮುದುಕಮ್ಮನ ಪಾಸ್‌ಬುಕ್ಕಿಗೂ ಲೆಡ್ಜರಿಗೂ ಹೊಂದಲಿಲ್ಲ. ಆಯಮ್ಮ ತೆಗೆದುಕೊಂಡದ್ದು 540. ಪಾಸ್‌ಬುಕ್ಕಿನಲ್ಲಿ ಸರಿಯಾಗಿ ಬರೆದ ನಾನು ಬ್ಯಾಂಕಿನ ಪುಸ್ತಕದಲ್ಲಿ 450 ಎಂದು ಬರೆದಿದ್ದೆ. ತಪ್ಪು ಎಲ್ಲಿದೆಯೆಂದು ಹುಡುಕುವುದರೊಳಗೆ ಆಯಮ್ಮನನ್ನು ಹಳ್ಳಿಯಿಂದ ಮೂರು ಸಲ ನಡೆಸಿದೆವು. ಆಕೆಯ ಪುಸ್ತಕವನ್ನೇ ಸಂಶಯದಿಂದ ತಿರುವಿ ಹಾಕಿದೆವು. ನಮ್ಮ ಹೆಡ್ ಕ್ಯಾಷಿಯರ್ ಅಂದು ನನಗೆ ಬುದ್ಧಿ ಹೇಳಿದರು. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಅಂಕಿ ಹಿಂದುಮುಂದಾಗಿದೆಯೇ ಎಂದು ಮೊದಲು ನೋಡಬೇಕು. ಕಾಲು ಗಂಟೆ ಹುಡುಕಿದ್ದರೆ ಅವತ್ತೇ ಸಿಗುತ್ತಿತ್ತು. ನಾನು ಹಾಕಿದ 90 ರೂಪಾಯಿ ತಪ್ಪನ್ನು ಸರಿಪಡಿಸಲಿಲ್ಲ, ಅದನ್ನು ಮುಚ್ಚಿತು.

ಆದ್ದರಿಂದ 26 ಗ್ರಾಂ ಪುಡಿಯನ್ನು ಬದಿಗಿಟ್ಟು ಹುಡುಕಲು ಕುಳಿತೆವು. ಮೊದಲು ನನ್ನ ಎಣಿಕೆಯ ಮೇಲೆಯೇ ಸಂಶಯಪಟ್ಟೆವು. ಇನ್ನೊಮ್ಮೆ ಮಾಡಿದೆ, 18 ಹನಿ. ಸೊಸೆ ಮಾಡಿದಳು, 18. ಸೀಸೆಯ ದ್ರಾವಣ ಕೆಟ್ಟಿರಬಹುದೆಂದು ಹೊಸದಾಗಿ ಉಪ್ಪು ನೀರು ಕಲಸಿ ಅದನ್ನು ಪರೀಕ್ಷಿಸಿದೆವು. ಅದು 21ಕ್ಕೆ ಸರಿಯಾಗಿ ನೀಲಿಯಾಯಿತು. ಅಲ್ಲಿಗೆ ದ್ರಾವಣವೂ ಸರಿ, ಎಣಿಕೆಯೂ ಸರಿ.

ಹಾಗಾದರೆ ಕ್ಯಾಲ್ಸಿಯಂ ತಿಂದದ್ದು ಯಾರು? ನಮ್ಮಲ್ಲಿ ಕಲ್ಲುಹವಳವಿಲ್ಲ. ನಾಲ್ಕು ಬಸವನಹುಳು ಎರಡು ತಿಂಗಳಲ್ಲಿ ಅಷ್ಟೊಂದು ಖರ್ಚು ಮಾಡಲಾರವು. ಹಣ ತೆಗೆಯುವವರೇ ಇಲ್ಲದ ಖಾತೆಯಲ್ಲಿ ಬಾಕಿ ಇಳಿದಿತ್ತು. ಆಗ ಉಪ್ಪಿನ ಅಂಶ ನೋಡು ಎಂದೆ. ಮಗ ಅದನ್ನು ಎರಡು ತಿಂಗಳಿಂದ ನೋಡಿರಲಿಲ್ಲ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ, ಇಳಿದಷ್ಟು ಸಿಹಿನೀರು ತುಂಬಿದರೆ ಸಾಕು ಎಂಬುದು ಅವನ ನಂಬಿಕೆ. ಅದು ನಿಜವೇ. ಆ ಕೆಲಸಕ್ಕೆ ಒಂದು ತೇಲುಬೆಂಡಿನ ಯಂತ್ರವೂ ಇದೆ. ಮಟ್ಟ ಇಳಿದೊಡನೆ ಶುದ್ಧೀಕರಿಸಿದ ಸಿಹಿನೀರನ್ನು ಅದೇ ತುಂಬುತ್ತದೆ. ಅಳತೆ ನೋಡಿದರೆ 35 ಇರಬೇಕಾದ ಉಪ್ಪು 30ಕ್ಕೆ ಇಳಿದಿತ್ತು.

ಕಾಗದದ ಮೇಲೆ ಬರೆದೆ. 35ಕ್ಕೆ 30, ಅಂದರೆ ಏಳಕ್ಕೆ ಆರು. 21 ಹನಿಗೆ 18, ಅದೂ ಏಳಕ್ಕೆ ಆರು! ಕ್ಯಾಲ್ಸಿಯಂ ಒಂದನ್ನೇ ಯಾರೋ ತಿಂದಿದ್ದರೆ ಉಪ್ಪು ಹಾಗೇ ಇರಬೇಕಿತ್ತು. ಎರಡೂ ಒಂದೇ ಪ್ರಮಾಣದಲ್ಲಿ ಇಳಿದಿವೆ ಎಂದರೆ ಉಪ್ಪು ನೀರೇ ಹೊರಗೆ ಹೋಗುತ್ತಿದೆ, ಅದರ ಜಾಗಕ್ಕೆ ಸಿಹಿನೀರು ಬರುತ್ತಿದೆ. ಯಂತ್ರ ಮಟ್ಟವನ್ನು ಕಾಯ್ದುಕೊಂಡಿದ್ದರಿಂದ ನಮಗೆ ಗೊತ್ತೇ ಆಗಿರಲಿಲ್ಲ.

ಅಷ್ಟರಲ್ಲಿ ಕಾಫಿ ತಂದ ನನ್ನ ಮನೆಯವರು, "ಎರಡು ತಿಂಗಳಿಂದ ಆ ಹಿಂದಿನ ಗೋಡೆ ಬೆಳ್ಳಗೆ ಏನೋ ಕಾರ್ತಾ ಇದೆ ಅಂತ ಹೇಳ್ತಾನೇ ಇದೀನಿ. ಸುಣ್ಣ ಉದುರ್ತಿದೆ ಬಿಡು ಅಂದ್ರಿ" ಎಂದರು. ನಾವಿಬ್ಬರೂ ತಲೆ ತಗ್ಗಿಸಿದೆವು. ಅದು ಸುಣ್ಣವಲ್ಲ, ಉಪ್ಪು.

ಮೇಜನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿದೆವು. ಟಾರ್ಚ್ ಹಾಕಿ ನೋಡಿದರೆ ಕೊಳವೆಯ ಒಂದು ಜೋಡಣೆಯಿಂದ ನೀರು ಜಿನುಗುತ್ತಿತ್ತು. ಬಹುಪಾಲು ಗೋಡೆಯಗುಂಟ ಇಳಿದು ವರಾಂಡದ ನೀರುಗಂಡಿಯಿಂದ ಹೊರಗೆ ಹೋಗುತ್ತಿತ್ತು. ಒಂದು ಎಳೆ ಮಾತ್ರ ಪಂಪಿನ ವೈರಿನ ಮೇಲೆಯೇ ಜಾರಿ, ಕೆಳಗೆ ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನವರೆಗೆ ಹೋಗಿತ್ತು. ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳು ಹಸಿರು ಕಟ್ಟಿದ್ದವು. ನಮ್ಮ ಮೊಮ್ಮಗನಿಗೆ ನಾಲ್ಕು ವರ್ಷ. ದಿನಾ ಬೆಳಿಗ್ಗೆ ಬರಿಗಾಲಿನಲ್ಲಿ ಅದೇ ಮೇಜಿಗೆ ಒರಗಿ ನಿಂತು ಮೀನಿಗೆ ಕಾಳು ಹಾಕುತ್ತಾನೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

26 ಗ್ರಾಂ ಪುಡಿ ಹಾಕಿದ್ದರೆ ಸಂಜೆಗೆ 21 ಹನಿ ಬಂದೇ ಬರುತ್ತಿತ್ತು. ಪುಸ್ತಕದಲ್ಲಿ ಸರಿ ಎಂದು ಬರೆಯುತ್ತಿದ್ದೆ. ಜಿನುಗುವುದು ಜಿನುಗುತ್ತಲೇ ಇರುತ್ತಿತ್ತು.

ಜೋಡಣೆ ಬದಲಾಯಿಸಿದೆವು. ಬೋರ್ಡನ್ನು ನೆಲದಿಂದ ತೆಗೆದು ತೊಟ್ಟಿಯಿಂದ ದೂರ ಗೋಡೆಗೆ ಹೊಡೆಸಿದೆವು. ವೈರು ಪ್ಲಗ್ಗಿಗಿಂತ ಕೆಳಕ್ಕೆ ತೂಗಿ ಮತ್ತೆ ಮೇಲೇರುವಂತೆ ಬಿಟ್ಟೆವು. ಹಾಗಿದ್ದರೆ ನೀರು ಇಳಿದು ಬಂದರೂ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಏರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ 30 ಮಿಲಿ ಆಂಪಿಯರ್ ಸೋರಿಕೆ ಕಂಡರೂ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ಮನೆಯಲ್ಲಿ ಮೀನು ತೊಟ್ಟಿ ಇರಲಿ, ನೀರಿನ ಮೋಟರ್ ಇರಲಿ, ಇದು ಎಲ್ಲರ ಮನೆಗೂ ಬೇಕಾದ ವಸ್ತು. ಉಪ್ಪನ್ನು ಮಾತ್ರ ಒಮ್ಮೆಗೇ ಸುರಿಯಲಿಲ್ಲ, ಮೀನಿಗೆ ತಡೆಯದು. ಸಿಹಿನೀರಿನ ಬದಲು ಉಪ್ಪು ನೀರು ತುಂಬುತ್ತಾ ಹಲವು ದಿನಗಳಲ್ಲಿ ನಿಧಾನವಾಗಿ 35ಕ್ಕೆ ತಂದೆವು. ಆಮೇಲೆ ಹನಿ ಎಣಿಸಿದರೆ ಸರಿಯಾಗಿ 21. ಬೇರೆ ಕ್ಯಾಲ್ಸಿಯಂ ಒಂದು ಚಿಟಿಕೆಯೂ ಹಾಕಿರಲಿಲ್ಲ.

ಕೇಳುಗರೇ, ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇಂಥ ತೊಟ್ಟಿ ಇರಲಾರದು. ಆದರೆ ಬೋರ್ ನೀರು ಇದೆ. ಒಂದು ಪರೀಕ್ಷೆ ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. ಗಡಸುತನ ಕಡಿಮೆ ಎಂದು ಬಂದ ಮಾತ್ರಕ್ಕೆ ಕುಡಿಯಲು ಒಳ್ಳೆಯದೆಂದಲ್ಲ. ನಮ್ಮ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಬೋರ್ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಇದೆ. ಅದಕ್ಕಾಗಿಯೇ 2013ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಶುರುವಾಯಿತು. ಫ್ಲೋರೈಡನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಆ ಮುದುಕಮ್ಮ ಈಗ ಇರಲಾರರು. ಅಂದು ಅವರ ಬಳಿ ಕ್ಷಮೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಅವರು ನಡೆದ ಆ ಮೂರು ದಾರಿಗಳೇ ನಮ್ಮ ಮೊಮ್ಮಗನನ್ನು ಕಾಪಾಡಿದವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅಂಕಿ ಕಡಿಮೆ ಬಂದಾಗ ತುಂಬಿಸುವ ಅವಸರ ಬೇಡ. ಎಲ್ಲಿ ಹೋಯಿತೆಂದು ಮೊದಲು ಹುಡುಕಿ. ಮನೆಯಲ್ಲಿ ಒರೆಸುವವರು, ಗುಡಿಸುವವರು ಏನಾದರೂ ಹೇಳಿದರೆ, ದಯವಿಟ್ಟು ಕಿವಿಗೊಡಿ.