ಎಮರ್ಜೆನ್ಸಿ ಬಾಗಿಲಲ್ಲಿ ಮೊದಲ ಮಾತು



ಪೋರ್ಟರ್ ರ್ಯಾಂಚ್ ಸುತ್ತಮುತ್ತ ಹೋಟೆಲಲ್ಲೋ, ಗೋದಾಮಿನಲ್ಲೋ, ವಯಸ್ಸಾದವರ ಆರೈಕೆಯಲ್ಲೋ ದುಡಿಯುವ ನಾವು ಜ್ವರ ಬಂದ್ರೆ ಏನ್ಮಾಡ್ತೀವಿ? ಊರಿಂದ ತಂದ ಡೋಲೋ ನುಂಗಿ ಕೆಲಸಕ್ಕೆ ಹೋಗ್ತೀವಿ. ಬಹುಪಾಲು ಜ್ವರ ಇಳಿದುಹೋಗುತ್ತೆ. ಹಾಗೆ ಇಳಿಯದ ಒಂದರ ಬಗ್ಗೆ ಇವತ್ತು ಮಾತಾಡೋಣ.

ಕೈಗಾದ ಗಾಯ, ಹಲ್ಲಿನ ಕೀವು, ಉರಿಮೂತ್ರ, ನ್ಯುಮೋನಿಯಾ, ಹೀಗೆ ಯಾವ ಸೋಂಕಾದರೂ ವಿಪರೀತಕ್ಕೆ ಹೋಗಬಹುದು. ಆಗ ಸೋಂಕಿನೊಡನೆ ಹೋರಾಡಬೇಕಾದ ದೇಹ ತನ್ನದೇ ಕಿಡ್ನಿ, ಶ್ವಾಸಕೋಶ, ಹೃದಯಕ್ಕೆ ಹಾನಿ ಮಾಡುತ್ತದೆ. ಇದೇ ಸೆಪ್ಸಿಸ್. ಊರಲ್ಲಿ 'ಮೈಗೆಲ್ಲ ನಂಜೇರಿತು' ಅಂತಾರಲ್ಲ, ಹೆಚ್ಚುಕಡಿಮೆ ಅದು.

ಸೋಂಕಿನ ಜೊತೆಗೆ ಗಡಗಡ ನಡುಕ, ಏದುಸಿರು, ತಣ್ಣಗೆ ಬೆವೆತ ಮೈ, ತಡೆಯಲಾರದ ನೋವು, ಮೂತ್ರ ಕಡಿಮೆಯಾಗುವುದು, ಮಾತು ತಪ್ಪುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. 911ಕ್ಕೆ ಫೋನ್ ಮಾಡಿ. ಜ್ವರ ಇಲ್ಲದೆಯೂ ಸೆಪ್ಸಿಸ್ ಆಗಬಹುದು.

2012ರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗ ರೋರಿ ಸ್ಟಾಂಟನ್ ಆಡುವಾಗ ಕೈ ತರಚಿಕೊಂಡ. ಎಮರ್ಜೆನ್ಸಿಗೆ ಹೋದವನನ್ನು ಮನೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡ. ಸೆಪ್ಸಿಸ್ ಬೇಗ ಗುರುತಿಸಲು ಆಸ್ಪತ್ರೆಗಳಲ್ಲಿ ಕ್ರಮ ಇರಲೇಬೇಕೆಂದು ಮರುವರ್ಷ ಆ ರಾಜ್ಯ ನಿಯಮ ತಂದಿತು. ಮನೆಗೆ ಕಳಿಸಿದ ಮೇಲೂ ಹೆಚ್ಚಾದರೆ ಮತ್ತೆ ಹೋಗಿ, ಸಂಕೋಚ ಬೇಡ.

ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದವರಿಗೆ ಗುರುತಿಸಿದ 1 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ಮೊದಲು ಗುರುತಿಸಬೇಕಲ್ಲ? ಅಲ್ಲಿ ನಿಮ್ಮ ಮಾತು ಬೇಕು. ಬರೀ 'ಫೀವರ್' ಅಂದು ಸುಮ್ಮನೆ ಕೂರಬೇಡಿ. ನರ್ಸ್‌ಗೆ ಹೀಗೆ ಹೇಳಿ: "ಐ ಹ್ಯಾವ್ ಆ್ಯನ್ ಇನ್ಫೆಕ್ಷನ್. ಕುಡ್ ದಿಸ್ ಬಿ ಸೆಪ್ಸಿಸ್?" ಯಾವಾಗ ಶುರುವಾಯ್ತು, ಯಾವ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ರಿ, ಅದನ್ನೂ ಹೇಳಿ. ಡೋಲೋ ಜ್ವರವನ್ನು ಮರೆಮಾಡುತ್ತೆ. ಕಾಯುವಾಗ ಮೈ ಇನ್ನೂ ಕೆಟ್ಟರೆ ಎದ್ದುಹೋಗಿ ಮತ್ತೆ ತಿಳಿಸಿ.

ಇಂಗ್ಲಿಷ್ ಬಾರದಿದ್ದರೆ "ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್" ಅನ್ನಿ, ಅದಕ್ಕೆ ದುಡ್ಡಿಲ್ಲ. ಇನ್ಶೂರೆನ್ಸ್ ಇಲ್ಲ, ವೀಸಾ ಮುಗಿದಿದೆ ಅಂತ ಹೆದರಿ ಮನೆಯಲ್ಲಿ ಉಳಿಯಬೇಡಿ. ಎಮರ್ಜೆನ್ಸಿಗೆ ಬಂದವರನ್ನು ಮೊದಲು ಪರೀಕ್ಷಿಸಿ, ಪ್ರಾಣಾಪಾಯವಿದ್ದರೆ ಚಿಕಿತ್ಸೆ ಕೊಡಲೇಬೇಕೆಂದು 1986ರಿಂದ ಈ ದೇಶದಲ್ಲಿ ಕಾನೂನಿದೆ. ಬಿಲ್ ಆಮೇಲೆ ಬರುತ್ತೆ, ನಿಜ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದವರಿಗೆ ಆಸ್ಪತ್ರೆಗಳು ರಿಯಾಯಿತಿ ಕೊಡಬೇಕು. "ಫೈನಾನ್ಷಿಯಲ್ ಅಸಿಸ್ಟೆನ್ಸ್" ಅರ್ಜಿ ಕೇಳಿ ಪಡೆಯಿರಿ.

ಈ ಪುಟವನ್ನು ರೂಮಿನ ಗೋಡೆಗೆ ಅಂಟಿಸಿ. ಮಾತು ತಪ್ಪಿದವರು ತಾವೇ ಕೇಳಲಾರರು. ಅವರ ಪರವಾಗಿ ಕೇಳಬೇಕಾದವರು ಪಕ್ಕದ ಮಂಚದಲ್ಲಿರುವ ನೀವೇ.